ಚಂದ್ರಿ ನಮ್ಮನಿಗೆ ಬರಲಿಲ್ಲ

"ನಿಮ್ಮ ಅರ್ಜಿ ಒಪ್ಪಾಕ ಆಗಂಗಿಲ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ವಾಟ್ಸಾಪ್‌ನ್ಯಾಗ ಈ ಮೆಸೇಜ್ ಬಂದಾಗ ನಾನು ಮಷೀನ್ ಮುಂದ ಕುಂತು ಚಂದ್ರಿಗೆ ಹಾಸಿಗಿ ಹೊಲಿಯಾಕತ್ತಿದ್ದೆ. ಹಳೇ ಸೀರಿ, ಒಳಗ ಬ್ಲೌಸ್ ಪೀಸಿನ ಚಿಂದಿ.

ಚಂದ್ರಿ ಅಂದ್ರ ರಾಣೇಬೆನ್ನೂರಿನ ಒಂದು ಶೆಲ್ಟರ್‌ನ್ಯಾಗಿದ್ದ ನಾಯಿ. ಹೈವೇದಾಗ ಗಾಡಿ ಹೊಡದು ಹಿಂದಿನ ಒಂದು ಕಾಲು ತಗದಿದ್ರು, ಲಂಗ್ಸಿಗೂ ಪೆಟ್ಟು ಬಿದ್ದಿತ್ತು. ಫೇಸ್‌ಬುಕ್‌ನ್ಯಾಗ ಫೋಟೋ ನೋಡಿದ ದಿನಾನ ನಾನು ಫಾರ್ಮ್ ತುಂಬಿದ್ದೆ.

ಬ್ಯಾಡಗಿಯೊಳಗ ಮನ್ಯಾಗ ಟೇಲರಿಂಗ್ ಮಾಡ್ತೀನಿ. ನಮ್ಮನಿಯವ್ರು ಲಾರಿ ಡ್ರೈವರ್, ಹೋದ್ರ ನಾಕೈದು ದಿನ ಬರಂಗಿಲ್ಲ. ಮಷೀನಿನ ಸಪ್ಪಳ ನಿಂತ್ರ ಮನ್ಯಾಗ ಏನೂ ಇಲ್ಲ...

ದಿನಾ ಪೂರ್ತಿ ಮನ್ಯಾಗ ಇರಾಕಿ ನಾನು. ನನಗಿಂತ ಚಲೋ ಮನಿ ಆಕಿಗೆ ಎಲ್ಲಿ ಸಿಗತೈತಿ ಅನ್ಕೊಂಡಿದ್ದೆ.

ಶೆಲ್ಟರ್ ನಡೆಸೋ ವಿಜಯಕ್ಕಗ ಫೋನ್ ಹಚ್ಚಿದೆ. ಎರಡು ದಿನದ ಹಿಂದಷ್ಟ ಬಂದು ಮನಿ ನೋಡಿ, ಚಾ ಕುಡದು ಹೋಗಿದ್ರು.

"ನಾ ಏನ್ ತಪ್ಪ್ ಮಾಡೇನ್ರಿ ಅಕ್ಕಾರ?"

"ತಪ್ಪು ನಿಮ್ಮದಲ್ರಿ, ಮನಿದು. ನೀವಿರೋದು ಮ್ಯಾಲಿನ ಮನಿ. ಆ ಮೆಟ್ಟಲಾ ಮೂರು ಕಾಲಿನ ನಾಯಿ ಹ್ಯಾಂಗ ಹತ್ತತೈತಿ? ಹಿಂದ ನೋಡಿದ್ರ ಮೆಣಸಿನಕಾಯಿ ಗೋಡೌನ್. ಸೀಜನ್ ಬಂತಂದ್ರ ಆಕಿ ಉಸಿರ ಹ್ಯಾಂಗ ಆಡಬೇಕು?"

"ನಾ ಎತ್ಕೊಂಡು ಇಳಸ್ತೀನ್ರಿ."

"ದಿನಕ್ಕ ನಾಕ್ ಸಲ? ಹತ್ತು ವರ್ಷ?"

ಫೋನ್ ಇಟ್ಟೆ.

ಬೀದ್ಯಾಗ ಬಿದ್ದಿದ್ದ ನಾಯಿಗೆ ಅರಮನಿ ಹುಡುಕ್ತಾರಂತ ಅಂತ ಒಂದು ಉದ್ದ ಪೋಸ್ಟ್ ಬರದೆ, ಶೆಲ್ಟರ್ ಹೆಸರು ಹಾಕಿ. ಹಾಕೂ ಮುಂಚೆ ನಮ್ಮನಿಯವರಿಗೆ ಫೋನ್ನ್ಯಾಗ ಓದಿ ಹೇಳಿದೆ.

ಅವ್ರು ಪೂರಾ ಕೇಳಿದ್ರು. "ಹೋದ ಸೀಜನ್ನ್ಯಾಗ ಮೆಣಸಿನಕಾಯಿ ಘಾಟು ತಡೀಲಾರದ ಕಿಟಕಿಗೆ ಹಸಿ ಅರಬಿ ಕಟಗೊಂಡು ಮಲಗಿದ್ದಿ ನೀನು. ಅದನ್ನೂ ಬರಿ" ಅಂದ್ರು.

ಪೋಸ್ಟ್ ಅಳಸಿದೆ. ಆಮ್ಯಾಲೆ ಬಾಳ ಹೊತ್ತು ಅತ್ತೆ.

ಅತ್ತಿದ್ದು ಅದೊಂದ ದಿನ. ಬಂದ ಐತವಾರ ಬಸ್ ಹತ್ತಿ ಸೀದಾ ರಾಣೇಬೆನ್ನೂರಿಗೆ ಹೋದೆ. ವಿಜಯಕ್ಕ ಗೇಟಿನ್ಯಾಗ ನಿಂತು ನನ್ನ ಮಾರಿ ನೋಡಿದ್ರು, ಜಗಳಕ್ಕ ಬಂದಾಳೇನೋ ಅಂತ.

"ನಾಯಿ ಕೊಡಬ್ಯಾಡ್ರಿ. ಕೆಲಸ ಕೊಡ್ರಿ" ಅಂದೆ.

ಒಳಗ ಕರದು ಕಸಬರಗಿ ಕೊಟ್ರು.

ಅವತ್ತಿಂದ ಪ್ರತಿ ಐತವಾರ ಅಲ್ಲೇ. ಉಣ್ಣಿ ತಗಿಯಾಕ ಕಲತೆ. ಗುಳಗಿ ಪುಡಿ ಮಾಡಿ ಮಸರನ್ನದಾಗ ಕಲಸಾಕ ಕಲತೆ. ಮೂರನೇ ವಾರಕ್ಕ ಚಂದ್ರಿ ನನ್ನ ಚಪ್ಪಲಿ ಸಪ್ಪಳ ಕೇಳಿದ್ರ ಸಾಕು, ಮೂರ ಕಾಲಿನ್ಯಾಗ ಕುಪ್ಪಳಿಸ್ಕೋತ ಬರಾಕತ್ತಿದ್ಲು.

ವಾರದಾಗಿನ ಉಳದ ದಿನ ಬ್ಯಾಡಗಿ ತುಂಬ ಬಾಡಿಗಿ ಮನಿ ಹುಡುಕಿದೆ. ಕೆಳಗಿನ ಮನಿ ಬೇಕು, ಮಾರ್ಕೆಟ್ಟಿಂದ ದೂರ ಇರಬೇಕು. ನಾಯಿ ಅಂದ ಕೂಡ್ಲೇ ಬಾಗಲಾ ಅರ್ಧ ಮುಚ್ಚೋರು. ಒಂದಲ್ಲ, ಆರು ಮನಿ.

ಒಬ್ಬ ಅಜ್ಜಿ ಕೇಳೇ ಬಿಟ್ಲು, "ಮಕ್ಕಳಿಲ್ಲಂತ ನಾಯಿ ತರ್ತಿಯೇನವಾ?"

"ಇಲ್ಲಬೇ, ನಾಯಿ ಬೇಕಂತ ನಾಯಿ ತರ್ತೀನಿ" ಅಂದು ಬಂದೆ.

ಮನಿ ಸಿಗೂದ್ರಾಗ ಆ ಸುದ್ದಿ ಬಂತು. ಹಾವೇರಿಯಿಂದ ಒಬ್ರು ರಿಟೈರ್ಡ್ ಟೀಚರ್ ಚಂದ್ರಿನ ಕೇಳ್ಯಾರ. ಕೆಳಗಿನ ಮನಿ, ದೊಡ್ಡ ಹಿತ್ತಲ, ಧೂಳಿಲ್ಲ. ಅರ್ಜಿ ಪಾಸ್.

ಅವ್ರು ಕಾರ್ ತಗೊಂಡು ಬಂದಿದ್ದೂ ಐತವಾರನ. "ನಿಮಗ ತ್ರಾಸ ಆದ್ರ ಒಳಗಿರ್ರಿ" ಅಂದ್ರು ವಿಜಯಕ್ಕ.

"ಇಲ್ರಿ, ನಾನ ಎತ್ತಿ ಕುಂದರಸ್ತೀನಿ."

ಎತ್ಕೊಂಡೆ. ಎಷ್ಟು ಹಗೂರ ಇದ್ಲು ಆಕಿ... ಎಡಗಿವಿ ಮುಟ್ಟಿಸ್ಕೊಳ್ಳಂಗಿಲ್ಲ, ಗುಡುಗಿಗೆ ಅಂಜತಾಳ, ಗುಳಗಿ ಮಸರನ್ನದಾಗ ಕೊಡ್ರಿ ಅಂತೆಲ್ಲಾ ಹೇಳಿದೆ. ಆ ಟೀಚರ್ ಪರ್ಸಿನಿಂದ ಪೆನ್ ತಗದು ಒಂದೊಂದೂ ಬರ್ಕೊಂಡ್ರು.

ಹಂಗ ಬರ್ಕೊಳ್ಳೋರನ್ನ ನೋಡಿ ಸಿಟ್ಟರ ಹ್ಯಾಂಗ ಮಾಡಲಿ?

ಕಾರ್ ಹೋತು. ಬಸ್ಸಿನ್ಯಾಗ ಬ್ಯಾಡಗಿ ಬರೂತನಕ ಕಿಟಕಿ ಕಡೆ ಮಾರಿ ಮಾಡಿ ಕುಂತಿದ್ದೆ.

ಮರುದಿನ ಮುಂಜಾನೆ ಏಳನೇ ಮನಿ ನೋಡಾಕ ಹೊಂಟೆ.

"ಚಂದ್ರಿ ಹೋದ್ಲಲ್ಲ, ಮತ್ಯಾಕ ಮನಿ ಬದ್ಲಿ?" ಅಂದ್ರು ನಮ್ಮನಿಯವ್ರು.

"ಚಂದ್ರಿ ಹೋದ್ಲು. ಅಲ್ಲಿ ಇನ್ನಾ ಹದಿನೇಳು ಅದಾವ್ರಿ."

ಏಳನೇ ಮನಿ ಸಿಕ್ತು. ಊರ ಹೊರಗ, ಕೆಳಗಿನ ಮನಿ, ಸುತ್ತ ಕಂಪೌಂಡ್. ಮಾಲಕರದು ಒಂದ ಷರತ್ತು: ತಮ್ಮ ಬೆಕ್ಕಿನ ತಂಟೆಗೆ ನಾಯಿ ಹೋಗಬಾರದು. ದೂರ ಆತು ಅಂತ ಒಂದಷ್ಟು ಗಿರಾಕಿ ಬಿಟ್ರು. ಖರೇ ಹೇಳ್ತೀನಿ, ಅದು ಚುಚ್ಚತೈತಿ. ಆದ್ರೂ ಸಾಮಾನು ಸಾಗಿಸಿದೆ.

ಎರಡನೇ ಫಾರ್ಮ್ ತುಂಬಿದ್ದು ಕರಿಯಾಗ. ವಯಸ್ಸಾದ ನಾಯಿ, ಬಲಗಣ್ಣು ಪೂರಾ ಹೋಗೇತಿ. ನೋಡಾಕ ಬಂದೋರೆಲ್ಲಾ ಅವನ್ನ ದಾಟಿ ಮರಿಗಳ ಕಡೆ ಹೋಗೋದನ್ನ ಇಷ್ಟು ಐತವಾರ ನೋಡೇನಿ.

ವಿಜಯಕ್ಕ ಮತ್ತ ಮನಿ ನೋಡಾಕ ಬಂದ್ರು. ಗೇಟ್ ಅಳ್ಳಾಡಿಸಿ ನೋಡಿದ್ರು, ಹಿಂದ ಹೋಗಿ ಗ್ವಾಡಿ ಎತ್ತರ ನೋಡಿದ್ರು. ಕಂಪೌಂಡ್ ಮ್ಯಾಲಿನ ಬೆಕ್ಕು ಕಂಡು ನಿಂತ್ರು.

"ಇದಕ್ಕೇನ್ ಮಾಡ್ತೀರಿ?"

"ಅದು ಕುಂದ್ರೂದು ಬಲಕ್ಕರಿ. ಕರಿಯಾಗ ಆ ಕಡೆ ಕಾಣಂಗಿಲ್ಲ."

ಅವ್ರು ನಕ್ಕಿದ್ದು ಮೊದಲನೇ ಸಲ ನೋಡಿದೆ. "ಶನಿವಾರ ಬಂದು ಕರಕೊಂಡ್ ಹೋಗ್ರಿ."

ಕರಿಯಾ ಬಂದು ಒಂಬತ್ತು ದಿನ ಆತು. ಮೊದಲ ಎರಡು ದಿನ ಏನೂ ತಿನ್ನಲಿಲ್ಲ, ಮೂಲ್ಯಾಗ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದ. ಈಗ ಇದನ್ನ ಟೈಪ್ ಮಾಡಾಕತ್ತೇನಿ, ನನ್ನ ಪಾದದ ಮ್ಯಾಲೆ ಗದ್ದ ಇಟಗೊಂಡು ಗೊರಕಿ ಹೊಡ್ಯಾಕತ್ತಾನ. ಕಾಲು ಜೋಮು ಹಿಡದೈತಿ... ತಗಿಯಾಕ ಮನಸ್ಸಿಲ್ಲ.

ನಿಮಗ ಯಾರರ ಮಾರಿ ಮ್ಯಾಲೆ ಇಲ್ಲ ಅಂದಾಗ, ಅದ ಬಾಗಲಕ್ಕ ಮತ್ತ ಹೋಗೀರೇನು?