ಒಂದು ಹಾಳೆಗೆ ಒಂದು ಹಿಡಿ ಬೇಳೆ

ಮೊಮ್ಮಗಳು ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಹೇಳಿಕೊಟ್ಟು ಹದಿನೈದು ದಿನವಾಯಿತು. ಒಂದೇ ಬೆರಳಿನಲ್ಲಿ ಕುಟ್ಟುತ್ತೇನೆ. ರಾಗಿ ಕಲ್ಲು ಬೀಸಿದ ಕೈಗೆ ಇದೇನೂ ಭಾರವಲ್ಲ. ಓದಿದ ಪುಸ್ತಕದ ಬಗ್ಗೆ ಏನಾದರೂ ಬರಿ ಎಂದಳು. ಈಗೀಗ ಯಾವ ಪುಸ್ತಕ ಹಿಡಿದರೂ ನಾಲ್ಕನೆಯ ಪುಟಕ್ಕೆ ತೂಕಡಿಕೆ ಬರುತ್ತದೆ, ಅದರ ಬಗ್ಗೆ ಬರೆದರೆ ಬರೆದವರಿಗೆ ಬೇಜಾರು. ಆದರೆ ಪುಸ್ತಕ ಕೈಯಲ್ಲಿ ಹಿಡಿದುಕೊಂಡೇ ಬೆಚ್ಚಿಬಿದ್ದದ್ದು ಒಂದು ಸಲ ಉಂಟು. ಅದನ್ನೇ ಬರೆಯುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮದು ಕ್ಯಾತನಹಳ್ಳಿ. ಗದ್ದೆ ತುಂಬ ಕಬ್ಬು, ಕೊಟ್ಟಿಗೆಯಲ್ಲಿ ನಾಲ್ಕು ಹಸು. ಯಜಮಾನರು ವಾರಕ್ಕೊಂದು ಸಲ ಪಾಂಡವಪುರದ ಸಂತೆಗೆ ಹೋದಾಗ, ಬಸ್ ಸ್ಟ್ಯಾಂಡಿನ ಹತ್ತಿರ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಯಿಂದ ನನಗೆ ಎರಡು ಪುಸ್ತಕ ತರುತ್ತಿದ್ದರು. ಆರಿಸುವ ತಾಪತ್ರಯ ಅವರಿಗಿರಲಿಲ್ಲ. ಅಂಗಡಿಯವನೇ ಒಂದು ಕಥೆಯದು, ಒಂದು ಬುದ್ಧಿ ಹೇಳುವುದು ಎಂದು ಹುಡುಕಿ ಚೀಲಕ್ಕೆ ಹಾಕುತ್ತಿದ್ದ. ಅದರ ಮೇಲೆ ತರಕಾರಿ ಬೀಳುತ್ತಿತ್ತು. ನಾನು ಓದಿದ ಎಷ್ಟೋ ಕಾದಂಬರಿಗಳಲ್ಲಿ ನಾಯಕಿಯ ಮೈಯಿಂದ ಕೊತ್ತಂಬರಿ ಸೊಪ್ಪಿನ ವಾಸನೆ ಬರುತ್ತಿತ್ತು.

ಮೊದಮೊದಲು ಕೊಟ್ಟಿಗೆಯ ಮೂಲೆಯಲ್ಲಿ ಕದ್ದು ಓದುತ್ತಿದ್ದೆ. ಒಂದು ಮಧ್ಯಾಹ್ನ ಅತ್ತೆ ಹಿಡಿದುಬಿಟ್ಟರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಊರಿನ ಗಂಡಸರೂ ಅವರ ಎದುರು ಧ್ವನಿ ಎತ್ತುತ್ತಿರಲಿಲ್ಲ.

"ಅದೇನಮ್ಮಿ, ಪುಸ್ತಕದೊಳಕ್ಕೆ ಮಕ ಇಟ್ಕೊಂಡು ಒಬ್ಳೇ ನಗ್ತಾ ಕುಂತಿದ್ದೀಯೆ?"

"ಕತೆ ಅತ್ತೆಮ್ಮ."

"ನಾನೇನು ಕಲ್ಲಾ? ನಂಗೂ ಕೇಳಂಗೆ ಓದು. ಆದ್ರೆ ಮನೆ ಆಳು ಮಾಡೋ ಕತೆ ಏನಾರ ಬಂತೋ, ಅವತ್ತೇ ನೀರೊಲೆಗೆ ಆಕ್ಬುಡ್ತೀನಿ. ಇನ್ಮ್ಯಾಕೆ ಪುಸ್ತಕ ತರ್ಬ್ಯಾಡ ಅಂತ ನಿನ್ ಗಂಡುಂಗೂ ಯೇಳ್ಬುಡ್ತೀನಿ."

ಕತ್ತಲಿರುವಾಗಲೇ ಎದ್ದು ಹಾಲು ಕರೆಯುವುದರಿಂದ ಹಿಡಿದು ಆಳುಗಳಿಗೆ ಬುತ್ತಿ ಕಳಿಸುವವರೆಗೆ ನನ್ನದು ಅನ್ನುವ ಹೊತ್ತು ಅದೊಂದೇ, ಮಧ್ಯಾಹ್ನದ ಒಂದೂವರೆ ಗಂಟೆಯ ಬಿಡುವು. ಅದು ತಪ್ಪಿಹೋದರೆ ನನಗೆ ಏನೂ ಉಳಿಯುತ್ತಿರಲಿಲ್ಲ. ಆಯಿತು ಎಂದು ಒಪ್ಪಿಕೊಂಡೆ.

ಅವರೆಕಾಯಿ ಕಾಲ. ನಮ್ಮ ಕಡೆ ಆ ಎರಡು ತಿಂಗಳು ಹಿತುಕಿದ ಬೇಳೆಯ ಸಾರಿಲ್ಲದೆ ಮುದ್ದೆ ಗಂಟಲಿಗಿಳಿಯುವುದಿಲ್ಲ. ಕಾಳು ಬಿಡಿಸಿ ನೆನೆಹಾಕಬೇಕು. ಆಮೇಲೆ ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಅಮುಕಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಂಗನೆ ಹಾರಿ ಪಾತ್ರೆಗೆ ಬೀಳುತ್ತದೆ. ಪಡಸಾಲೆಯಲ್ಲಿ ಅತ್ತೆ ಹಿತುಕುವುದು, ನಾನು ಓದುವುದು. ನನ್ನ ಪಾಲಿನ ಕಾಳನ್ನೂ ಅವರೇ ಹಿತುಕುತ್ತಿದ್ದರು. ಬಾಯಿಬಿಟ್ಟು ಹೇಳಲಿಲ್ಲ, ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು ಅಷ್ಟೆ.

ಪುಸ್ತಕ ಮುಗಿದ ದಿನ ಅವರು ತೀರ್ಪು ಕೊಡುತ್ತಿದ್ದರು. ಯಾರೋ ಫಾರಿನ್ನಿಗೆ ಹೋಗಿಬಂದು ಬರೆದ ಪುಸ್ತಕಕ್ಕೆ, "ಅಷ್ಟು ದೂರ ವೋಗಿ, ಅಲ್ಲಿ ಒಂದು ಅಸ ಎಷ್ಟು ಆಲು ಕೊಡ್ತದೆ ಅಂತ ಕೇಳ್ಕೊಂಡು ಬರ್ನಿಲ್ಲ. ದಂಡ ಕನಮ್ಮಿ" ಎಂದರು. ದಿನಕ್ಕೆ ಒಂದೇ ಮುದ್ದೆ ಉಣ್ಣಿ ಎಂದು ಬರೆದಿದ್ದ ಡಾಕ್ಟರನ್ನು ಒಂದು ದಿನ ನಮ್ಮ ಗದ್ದೆಗೆ ಕಬ್ಬು ಕಡಿಯಲು ಬಿಡಬೇಕು ಎಂದರು.

ಒಬ್ಬ ದೊಡ್ಡ ಮನುಷ್ಯರು ತಮ್ಮ ಜೀವನ ಬರೆದುಕೊಂಡಿದ್ದ ದಪ್ಪ ಪುಸ್ತಕವೂ ಬಂತು. ಜೈಲು, ಭಾಷಣ, ಹಾರ, ಮತ್ತೆ ಜೈಲು. ಮುಕ್ಕಾಲು ಪುಸ್ತಕ ಆದಮೇಲೆ, 'ಆ ವರ್ಷ ನನ್ನ ಪತ್ನಿ ತೀರಿಕೊಂಡರು' ಎಂದು ಒಂದು ಸಾಲಿತ್ತು. ನಾನು ಓದಿ ಮುಂದಕ್ಕೆ ಹೋಗಿಬಿಟ್ಟಿದ್ದೆ. ಅತ್ತೆಯ ಕೈ ನಿಂತಿತು.

"ತಡಿ ತಡಿ. ಇವ್ನಿಗೆ ಮದ್ವೆ ಆಗಿತ್ತಾ?"

"ಆಗಿತ್ತಂತೆ."

"ಯಾವಾಗಾಯ್ತು?"

ಹಿಂದಕ್ಕೆ ಹಾಳೆ ಮಗುಚಿ ಮಗುಚಿ ಹುಡುಕಿದೆ. ಮದುವೆ ಎಲ್ಲೂ ಇರಲಿಲ್ಲ.

"ಮದ್ವೆ ಬರೀದೆ ಸಾವು ಬರ್ದವ್ನಲ್ಲಮ್ಮಿ! ಇಷ್ಟು ವರ್ಸ ಇವ್ನಿಗೆ ಇಟ್ಟು ಬೇಯ್ಸಿ ಇಕ್ಕಿದ್ಯಾರು, ಪೋಲೀಸ್ನೋರಾ?"

ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದು ಮುಂದಿನ ವಾರ, ಆ ಕಾದಂಬರಿ ಬಂದಮೇಲೆ.

ಕಾದಂಬರಿಯಲ್ಲಿ ನಮ್ಮಂಥದ್ದೇ ಮನೆ. ಹಸು, ಗದ್ದೆ, ಅತ್ತೆ, ಒಬ್ಬಳು ಸೊಸೆ. ಗಂಡ ಕುಡುಕನಲ್ಲ, ಹೊಡೆಯುವವನೂ ಅಲ್ಲ. ಗಟ್ಟಿಯಾಗಿ ಓದುವವರಿಗೆ ಒಂದು ಅನುಕೂಲವಿದೆ, ಕಣ್ಣು ಯಾವಾಗಲೂ ಬಾಯಿಗಿಂತ ಎರಡು ಸಾಲು ಮುಂದಿರುತ್ತದೆ. ಆ ಎರಡು ಸಾಲಿನಲ್ಲಿ ಬರಲಿದ್ದದ್ದು ನನಗೆ ಮೊದಲೇ ಕಂಡುಬಿಟ್ಟಿತು. ಸೊಸೆ ಮನೆ ಗುಡಿಸಿ, ಹಾಲು ಕಾಯಿಸಿ, ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದಿಟ್ಟು, ಒಂದು ಮಾತೂ ಹೇಳದೆ ಮನೆ ಬಿಟ್ಟು ಹೊರಡುತ್ತಾಳೆ! ಜಗಳವಿಲ್ಲ, ಕಣ್ಣೀರಿಲ್ಲ. ಹೀಗೂ ಬರೆಯುತ್ತಾರೆಯೇ? ಇದಕ್ಕಿಂತ ಮನೆ ಹಾಳು ಮಾಡುವ ಕಥೆ ಇನ್ನು ಯಾವುದು? ಅತ್ತೆಗೆ ಗೊತ್ತಾದರೆ ಪುಸ್ತಕ ನೀರೊಲೆಗೆ, ನನ್ನ ಮಧ್ಯಾಹ್ನವೂ ಅದರ ಜೊತೆಗೆ.

ಒಂದು ಉಪಾಯ ಮಾಡಿದೆ. ಸರಸರನೆ ಹಾಳೆ ಮಗುಚುತ್ತಾ ಕಣ್ಣಲ್ಲಿ ಪುಸ್ತಕದ್ದನ್ನು ಓದಿಕೊಂಡು, ಬಾಯಲ್ಲಿ ನನ್ನದನ್ನು ಹೇಳಿದೆ. ಪುಸ್ತಕದಲ್ಲಿ ಅವಳು ಬಸ್ಸು ಹತ್ತಿದಳು. ನನ್ನ ಬಾಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಬುದ್ಧಿ ಬಂದು ತಿರುಗಿದಳು. ಪುಸ್ತಕದ ಕೊನೆಯಲ್ಲಿ ನಡೆದದ್ದೇ ಬೇರೆ. ನನ್ನ ಬಾಯಲ್ಲಿ ಅತ್ತೆಯ ಕಾಲಿಗೆ ಬಿದ್ದಳು, ಅತ್ತೆ ಎತ್ತಿ ಅಪ್ಪಿಕೊಂಡರು. ಸಿನಿಮಾದ ಹಾಗೆ ಶುಭಂ ಎಂದೂ ಸೇರಿಸಿದೆ.

ಅವತ್ತು ಅತ್ತೆ ತೀರ್ಪು ಕೊಡಲಿಲ್ಲ. ಪಾತ್ರೆಯೊಳಗಿನ ಬೇಳೆಯನ್ನು ಒಂದು ಸಲ ನೋಡಿ ಒಳಗೆ ತೆಗೆದುಕೊಂಡು ಹೋದರು. ಬದುಕಿದೆ ಎಂದುಕೊಂಡೆ.

ಮಾರನೆಯ ದಿನ ಮಧ್ಯಾಹ್ನ ಸಂತೆಯ ಚೀಲಕ್ಕೆ ಹಾಕಿಟ್ಟಿದ್ದ ಪುಸ್ತಕವನ್ನು ಅವರೇ ತೆಗೆದು ನನ್ನ ತೊಡೆಯ ಮೇಲೆ ಹಾಕಿದರು.

"ಓದು."

"ಇದು ಮುಗೀತಲ್ಲ ಅತ್ತೆಮ್ಮ."

"ನೀನು ಮುಗ್ಸುದ್ದೆ. ಪುಸ್ತಕ ಮುಗ್ಸಿರ್ನಿಲ್ಲ."

ಅತ್ತೆ ಕಾಳಿನ ಬಟ್ಟಲು ಮುಂದಿಟ್ಟುಕೊಂಡು ಕೂತರು.

"ಅವರೆಕಾಯಿ ಬಂದಾಗ್ನಿಂದ ನೋಡ್ತಿವ್ನಿ. ನೀನು ಒಂದು ಆಳೆ ಓದಿ ತಿರುಗ್ಸೋ ಒತ್ಗೆ ನಂದು ಒಂದು ಇಡಿ ಬ್ಯಾಳೆ ಆಯ್ತದೆ. ಒಂದಿನಾನೂ ಎಚ್ಚುಕಮ್ಮಿ ಆಗಿಲ್ಲ. ನೆನ್ನೆ ಕೊನೇಲಿ ಅತ್ತು ಆಳೆ ತಿರುಗುಸ್ದೆ. ಬ್ಯಾಳೆ ನೋಡುದ್ರೆ ಎಲ್ಡೇ ಇಡಿ. ಉಳ್ದ ಎಂಟು ಆಳೆ ಯಾರು ತಿಂದ್ರು, ಬೆಕ್ಕಾ?"

ಅಕ್ಷರ ಬಾರದ ಹೆಂಗಸು ಬೇಳೆಯಲ್ಲಿ ಪುಸ್ತಕ ಅಳೆದುಬಿಟ್ಟಿದ್ದರು! ಶಾಲೆಯಲ್ಲಿ ಮೇಷ್ಟರ ಕೈಗೆ ಸಿಕ್ಕಿಬಿದ್ದಾಗಲೂ ನಾನು ಹಾಗೆ ಬೆವರಿರಲಿಲ್ಲ. ಬಚ್ಚಲುಮನೆ ಕಡೆ ನೋಡಿದೆ. ನೀರೊಲೆಯಲ್ಲಿ ಇನ್ನೂ ಕೆಂಡವಿತ್ತು.

"ಅವ್ಳು ವಾಪಸ್ ಬರಲ್ಲ ಅತ್ತೆಮ್ಮ," ಎಂದೆ. "ಬಸ್ ಅತ್ಕೊಂಡು ವೊಂಟೋಯ್ತಾಳೆ. ನೀವು ಒಲೆಗೆ ಆಕ್ಬುಡ್ತೀರಿ ಅಂತ ನಾನೇ ಸುಳ್ಳು ಯೇಳ್ದೆ."

"ಅದು ನಂಗೆ ನೆನ್ನೇನೆ ಗೊತ್ತಾಯ್ತು. ಪಾತ್ರೆ ತೊಳ್ದಿಟ್ಟು ವೊಂಟೋಳು ವಾಪಸ್ ಬರಾಕಿಲ್ಲ ಕನಮ್ಮಿ. ಕೆಲ್ಸ ಬಾಕಿ ಇಟ್ಟು ವೊಂಟೋಳು ಬತ್ತಾಳೆ." ಒಂದು ಕಾಳು ಹಿತುಕಿದರು. "ನಾನು ಬರ್ನಿಲ್ವಾ?"

ನನಗೆ ಮೊದಲು ಅರ್ಥವೇ ಆಗಲಿಲ್ಲ.

"ನೀವಾ? ಎಲ್ಲಿಗೆ?"

"ಮದ್ವೆಯಾಗಿ ಎಲ್ಡು ವರ್ಸಕ್ಕೆ. ಗಂಟು ಕಟ್ಕೊಂಡು ಪಾಂಡವಪುರದ ಗಂಟ ನಡ್ಕೊಂಡು ವೋದೆ."

"ನಾಗಮಂಗಲಕ್ಕಾ? ನಿಮ್ ತೌರ್ಗೆ?"

"ತೌರ್ಗೆ ವೋದ್ರೆ ಎಲ್ಡೇ ದಿನಕ್ಕೆ ಸೀರೆ ಉಡ್ಸಿ ತಂದು ಬುಟ್ಬುಡೋರು. ಬೆಂಗ್ಳೂರು ಬಸ್ಸು ಇಡಿಯನಾ ಅಂತಿದ್ದೆ. ನಮ್ಮೂರೋಳು ಒಬ್ಳು ಅಲ್ಲಿ ಆಸ್ಟಲ್ನಲ್ಲಿ ಅಡ್ಗೆ ಮಾಡ್ಕೊಂಡಿದ್ಲು. ಬಸ್ಸು ಬಂತು. ಒಂದು ಕಾಲು ಮ್ಯಾಲಿಕ್ದೆ. ಆಗ ಗ್ಯಾನಕ್ಕೆ ಬಂತು ನೋಡು, ಬೆಳ್ಗೆ ಕಾಳು ನೆನೆಯಾಕಿ ಬಂದಿವ್ನಿ, ಸಂದೆ ಒಳಗೆ ಇತುಕ್ದೆ ಇದ್ರೆ ಉಳಿ ಬಂದೋಯ್ತದೆ. ಇಳ್ದುಬುಟ್ಟೆ."

"ಕಾಳಿಗೋಸ್ಕರವಾ!"

"ಊ ಕನಮ್ಮಿ. ಯಾಕ್ ವೋಗಿದ್ದೆ ಅಂತ ಮಾತ್ರ ಕೇಳ್ಬ್ಯಾಡ. ನಿನ್ ಗಂಡ ಇನ್ನೂ ಉಟ್ಟಿರ್ನಿಲ್ಲ."

ಯಜಮಾನರು ಹುಟ್ಟಿರಲಿಲ್ಲ. ಅಂದರೆ ಅವತ್ತು ಒಂದು ಸೇರು ಕಾಳು ನೆನೆಯದೇ ಹೋಗಿದ್ದರೆ ನನ್ನ ಗಂಡನಿಲ್ಲ, ನನ್ನ ಮಕ್ಕಳಿಲ್ಲ, ನಾನು ಯಾವುದೋ ಊರಿನಲ್ಲಿ ಯಾರದೋ ಸೊಸೆ. ಎದುರಿಗೆ ಕೂತು ಹಿತುಕುತ್ತಿದ್ದ ಆ ಕೈಗಳನ್ನೇ ನೋಡಿದೆ. ಈ ಮನೆಯ ಕಂಬದ ಹಾಗಿದ್ದ ಹೆಂಗಸಿನ ಒಂದು ಕಾಲು ಬಸ್ಸಿನ ಮೇಲಿತ್ತು!

"ಅದ್ಕೇ ಕೇಳ್ತಿವ್ನಿ," ಎಂದರು. "ಇಳೀದೆ ವೋದೋಳು ಏನಾದ್ಲು ಅಂತ ನಂಗೆ ಇವತ್ಗೂ ಗೊತ್ತಿಲ್ಲ. ಒಂದಕ್ಸರ ಬುಡ್ದಂಗೆ ಓದು."

ಓದಿದೆ. ಹತ್ತು ಹಾಳೆಯನ್ನೂ ಓದಿದೆ. ಬಸ್ಸು ಹತ್ತಿದವಳು ಪಟ್ಟಣ ಸೇರುತ್ತಾಳೆ, ಯಾರೂ ಬಾಡಿಗೆಗೆ ಮನೆ ಕೊಡುವುದಿಲ್ಲ, ಕೆಲಸ ಸಿಗುವುದಿಲ್ಲ, ಪಶ್ಚಾತ್ತಾಪದಿಂದ ಬೆಂದು ಕೊನೆಯ ಹಾಳೆಯಲ್ಲಿ ಹೊಳೆಗೆ ಹಾರುತ್ತಾಳೆ. ಓದುತ್ತಾ ಹೋದಂತೆ ನನ್ನ ಧ್ವನಿ ಸಣ್ಣದಾಯಿತು. ಸುಳ್ಳು ಹೇಳಿದ್ದು ಒಲೆಗೆ ಹೆದರಿಯೇ ಆದರೂ, ಇದನ್ನು ಅವರ ಎದುರು ಬಾಯಿಬಿಟ್ಟು ಓದುವುದಕ್ಕಿಂತ ಅದೇ ವಾಸಿಯಾಗಿತ್ತು ಅನ್ನಿಸಿತು.

"ಸಾಯ್ಸುಬುಟ್ನಾ?"

"ಊ."

"ಎಲ್ಡು ದಿನಾನೂ ಸರ್ಯಾಗಿ ಬಾಳ್ಸುನಿಲ್ವಾ?"

ನಾನು ಪುಸ್ತಕ ಮುಚ್ಚಿದೆ. ಅತ್ತೆ ಅದನ್ನು ಕಿತ್ತುಕೊಂಡು ಹಿಂದುಮುಂದು ತಿರುಗಿಸಿದರು. ಹಿಂಬದಿಯಲ್ಲಿ ಬರೆದವರ ಫೋಟೋ ಇತ್ತು, ಕನ್ನಡಕ, ಗಲ್ಲಕ್ಕೆ ಕೈ.

"ಇವ್ನಾ? ಬಸ್ಗೆ ಕಾಲಿಕ್ಕೋದು ಎಷ್ಟು ಕಷ್ಟ ಅಂತ ಇವ್ನಿಗೆ ಗೊತ್ತಾ? ಅಷ್ಟು ಕಷ್ಟಪಟ್ಟು ಅತ್ತುದ್ಲು, ಮುಂಡೇದು ತಕ್ಕೊಂಡೋಗಿ ನೀರ್ಗೆ ತಳ್ಬುಡ್ತಲ್ಲ!"

ಎದ್ದು ಬಚ್ಚಲುಮನೆಗೆ ನಡೆದರು. ಮುಗಿಯಿತು ಎಂದುಕೊಂಡೆ. ಪುಸ್ತಕ ಸುಟ್ಟರೆ ಅಂಗಡಿಯವನು ಇನ್ನು ಕೊಡುವುದಿಲ್ಲ, ಯಜಮಾನರು ಇನ್ನು ತರುವುದಿಲ್ಲ. ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತರು. ಕೆಂಡದ ಬೆಳಕು ಅವರ ಸೀರೆಯ ಮೇಲಿತ್ತು. ಆಮೇಲೆ ಹಾಗೇ ವಾಪಸ್ಸು ಬಂದು ಕೂತರು.

"ಸುಟ್ರೂ ಅವ್ಳು ಸತ್ತಂಗೇ ಇರ್ತಾಳೆ. ತಕ್ಕೊ, ಓದು."

"ಏನು ಓದ್ಲಿ?"

"ನೆನ್ನೆ ಅಷ್ಟು ಚಂದಾಗಿ ಸುಳ್ಳು ಓದುದ್ಯಲ್ಲ. ಇವತ್ತೂ ಓದು. ವಾಪಸ್ ಕರ್ಕಬರ್ಬ್ಯಾಡ, ಸಾಯ್ಸೂಬ್ಯಾಡ. ಅಳ್ತೆ ಮಾತ್ರ ತಪ್ಪುಸ್ಬ್ಯಾಡ, ನಾನು ನೋಡ್ತಿರ್ತೀನಿ."

ಕಾಳಿನ ಬಟ್ಟಲನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡರು. ನಾನು ಹತ್ತು ಹಾಳೆ ಹಿಂದಕ್ಕೆ ಮಗುಚಿದೆ. ಅಕ್ಷರಗಳು ಹೊಳೆಯ ಕಡೆಗೇ ಹೋಗುತ್ತಿದ್ದವು, ನಾನು ಅವುಗಳ ಮೇಲೆ ಬೆರಳಿಟ್ಟುಕೊಂಡು ಬೇರೆ ದಾರಿ ಹಿಡಿದೆ.

"ಬಸ್ಸು ಬಂದಿತು. ಅವಳು ಹತ್ತಿದಳು. ಒಳಗೆ ತುಂಬಾ ಜನರಿದ್ದರು..."

"ಕಿಟ್ಕಿ ತಾವ ಜಾಗ ಕೊಡು," ಎಂದರು ಅತ್ತೆ. "ಮೊದುಲ್ನೇ ಸಲ ವೋಯ್ತಾವ್ಳೆ."