ಬಬಲೇಶ್ವರದಿಂದ ಬಾರದ ಮಾತು

ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಬೀಜ-ಗೊಬ್ಬರದ ಅಂಗಡಿ ಅಣ್ಣನದು. ಬಬಲೇಶ್ವರದ ಅಂಗಡಿ ತಮ್ಮನದು. ಪಾಲಾದಾಗ ಇಬ್ಬರೂ ಮಾತು ಬಿಟ್ಟರು. ನಮ್ಮ ಕಡೆ ಮಾತು ಬಿಡುವುದೆಂದರೆ ಸುಮ್ಮನಿರುವುದಲ್ಲ, ಅದೊಂದು ವ್ರತ. ಮುರಿಯಬೇಕಾದರೆ ಹಿರಿಯರು ಕೂಡಬೇಕು. ಮೂರು ವರ್ಷದ ಮೇಲೆ ಕೂಡಿದರು. ವ್ಯಾಪಾರ ಮತ್ತೆ ಒಂದಾಗಲಿ, ಅಣ್ಣನೇ ಮೊದಲು ಮಾತಾಡಲಿ ಎಂದರು. ಎದುರಿಗೆ ನಿಲ್ಲುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಎರಡೂ ಅಂಗಡಿಗಳ ನಡುವೆ ಇಂಟರ್‌ನೆಟ್ ಮೇಲೆ ನಡೆಯುವ ಫೋನ್ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಮೊಬೈಲಿನಲ್ಲೇ ಯಾಕೆ ಮಾತಾಡಬಾರದು ಎಂದು ನಾನು ಕೇಳಲಿಲ್ಲ. ಕೆಲಸ ಹಿಡಿದವನು ಅಂಥ ಪ್ರಶ್ನೆ ಕೇಳಬಾರದು.

ಫೋನ್‌ಗಳನ್ನು ಇಂಟರ್‌ನೆಟ್ಟಿಗೆ ಜೋಡಿಸುವ ಗೇಟ್‌ವೇ ಪೆಟ್ಟಿಗೆಗೆ ಅಣ್ಣ ಕುಂಕುಮ ಹಚ್ಚಿ ಕಾಯಿ ಒಡೆದರು. ಹೊರಗೆ ಒಂದು ಕರೆ ಮಾಡಿ ನೋಡುತ್ತೇನೆ ಎಂದೆ.

"ಟೆಸ್ಟ್ ಗಿಸ್ಟ್ ಬ್ಯಾಡ್ರಿ. ಈ ಲೈನಿನ ಮ್ಯಾಲೆ ಮೊದಲ್ನೇ ಮಾತು ನಂದ ಆಗಬೇಕು."

ಅಂಗಡಿಯೊಳಗಿನ ಎರಡು ಫೋನ್‌ಗಳ ನಡುವೆಯಷ್ಟೇ ಮಾತಾಡಿ ನೋಡಿ ಸುಮ್ಮನಾದೆ. ಮುಹೂರ್ತಕ್ಕೆ ಸರಿಯಾಗಿ ಅಣ್ಣ ಕರೆ ಮಾಡಿದರು. ಆ ಕಡೆ ಎತ್ತಿದ್ದು ತಿಳಿಯಿತು.

"ತಮ್ಮಾ, ನಾನು. ಆರಾಮ ಅದಿಯೇನು?"

ಉತ್ತರವಿಲ್ಲ.

"ನಾನ ಮೊದ್ಲು ಮಾತಾಡೇನಿ ಲೇ. ಒಂದು ಹ್ಞೂಂ ಅನ್ನು."

ಆಮೇಲೂ ಇಲ್ಲ. ಅಣ್ಣ ಮೆಲ್ಲಗೆ ಫೋನ್ ಇಟ್ಟರು. "ನೋಡಿದ್ರಿಲ್ಲ? ಎತ್ಯಾನ, ಮಾತಾಡವಲ್ಲ. ಮುಗೀತು."

ನಾನೂ ಹಾಗೆಯೇ ನಂಬಿದೆ. ಇದೇ ಮೌನ ಬೇರೆ ಯಾರ ನಡುವೆಯೋ ಆಗಿದ್ದರೆ ಅರ್ಧ ನಿಮಿಷದಲ್ಲಿ ಪೆಟ್ಟಿಗೆಯ ಮೇಲೆ ಸಂಶಯಪಡುತ್ತಿದ್ದೆ. ಮಾತು ಬಿಟ್ಟವರ ನಡುವೆ ಮೌನ ಬಂದರೆ ಲೈನ್ ಚೆನ್ನಾಗಿದೆ ಎಂದೇ ಅರ್ಥ ಎಂದುಕೊಂಡೆ.

ಮರುದಿನ ತಿಕೋಟಾದಲ್ಲಿ ಬೇರೆ ಕೆಲಸದ ಮೇಲಿದ್ದಾಗ ನನ್ನ ಮೊಬೈಲಿಗೆ ತಮ್ಮನ ಕರೆ ಬಂತು.

"ಸಾಹೇಬ್ರ, ಅಣ್ಣ ಅಂದಿದ್ದೆಲ್ಲಾ ಚಂದಂಗ ಕೇಳ್ತು. ನಾ ಒದರಿ ಒದರಿ ಗಂಟಲ ಹರ್ಕೊಂಡೆ. ಇಟ್ಟಬಿಟ್ಟ. ಇನ್ನೂ ಸಿಟ್ಟೈತೇನ್ರಿ ಅವಂಗ?"

ಸಿಕ್ಕ ಬಸ್ಸು ಹತ್ತಿ ವಿಜಯಪುರಕ್ಕೆ ಬಂದು ಪೆಟ್ಟಿಗೆಯ ಸೆಟ್ಟಿಂಗ್ ತೆಗೆದು ನೋಡಿದೆ. ಫೋನಿನ ಗಂಟೆ ಹೋಗುವ ದಾರಿ ಬೇರೆ, ಮಾತು ಹೋಗುವ ದಾರಿ ಬೇರೆ. 'ಮಾತನ್ನು ಈ ವಿಳಾಸಕ್ಕೆ ಕಳಿಸು' ಎಂದು ಗೇಟ್‌ವೇ ಆ ಕಡೆಗೆ ತಿಳಿಸುತ್ತದೆ. ಅಲ್ಲಿ ಇಂಟರ್‌ನೆಟ್ಟಿಗೆ ಗೊತ್ತಿರುವ ಹೊರಗಿನ ವಿಳಾಸ ಬರೆಯದೆ, ಅಂಗಡಿಯೊಳಗಷ್ಟೇ ನಡೆಯುವ ವಿಳಾಸವನ್ನೇ ಬಿಟ್ಟಿದ್ದೆ. ಕಾಗದದ ಮೇಲೆ 'ನಡುಮನಿ' ಎಂದಷ್ಟೇ ಬರೆದರೆ ಮನೆಯವರಿಗೆ ತಿಳಿದೀತು, ಅಂಚೆಯವನಿಗೆ ತಿಳಿದೀತೆ? ಅಣ್ಣನ ಮಾತು ನೆಟ್ಟಗೆ ಹೋಗಿತ್ತು. ತಮ್ಮನ ಮಾತು ಇಲ್ಲದ ವಿಳಾಸ ಹುಡುಕಿ ಸತ್ತಿತ್ತು. ವಿಳಾಸ ತಿದ್ದಿದೆ, ಮಾತು ಒಳಗೆ ಬರಲು ರೌಟರಿನಲ್ಲಿ ದಾರಿ ಬಿಟ್ಟೆ.

"ತಪ್ಪು ನಂದ್ರೀ," ಎಂದೆ. "ತಮ್ಮಾರು ನಿನ್ನೆ ಉತ್ತರ ಕೊಟ್ಟಾರ."

"ಇನ್ನೊಮ್ಮೆ ನಾ ಮಾಡಂಗಿಲ್ಲ," ಎಂದರು ಅಣ್ಣ. ಹೊರಗೆ ಬಂದು, ಈ ಸಲ ನೀವೇ ಕರೆ ಮಾಡಿ ಎಂದು ಮೊಬೈಲಿನಲ್ಲಿ ನಾನೇ ತಮ್ಮನಿಗೆ ಹೇಳಿದೆ.

ಫೋನ್ ರಿಂಗಾಯಿತು. ನಾಲ್ಕು ಸಲ ರಿಂಗಾಗಲು ಬಿಟ್ಟು ಅಣ್ಣ ಎತ್ತಿದರು. ಬಾಗಿಲಲ್ಲಿದ್ದ ನನಗೂ ಕೇಳುವಷ್ಟು ಜೋರಾಗಿ ಆ ದನಿ ಬಂತು: "ಅಣ್ಣಾ! ಕೇಳಾಕತ್ತೈತೇನಣ್ಣಾ?"

ಅಣ್ಣನ ತುಟಿ ಅಲುಗಿತು, ದನಿ ಹೊರಡಲಿಲ್ಲ. ರೂಢಿಯಂತೆ ಪೆಟ್ಟಿಗೆಯ ಕಡೆ ಹೆಜ್ಜೆ ಇಟ್ಟವನು ಅಲ್ಲೇ ನಿಂತೆ. ಈ ಮೌನವನ್ನು ತಿದ್ದುವುದು ನನ್ನ ಕೆಲಸವಾಗಿರಲಿಲ್ಲ.

"ಒದರಬ್ಯಾಡ ಲೇ," ಎಂದರು ಕೊನೆಗೆ. "ಕೇಳತೈತಿ."