ಮಿಸ್ತ್ರಿಯ ಹೆಂಡತಿ ಒಪ್ಪಿದ ನೋಜಲ್

ನನ್ನ ಹಳೆಯ ಪಿಕಪ್‌ಗೆಂದು ತಂದಿದ್ದ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಹೊಸ ನೋಜಲ್‌ಗಳನ್ನು ಅಕ್ಕಿಆಲೂರಿನ ವಯಸ್ಸಾದ ಡೀಸೆಲ್ ಮಿಸ್ತ್ರಿ ಒಂದೊಂದಾಗಿ ಟೆಸ್ಟರಿಗೆ ಸಿಕ್ಕಿಸಿ ಹಿಡಿಕೆ ಒತ್ತುತ್ತಿದ್ದರು. ಆದರೆ ಅವರ ಕಣ್ಣು ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಡತಿಯ ಮುಖದ ಮೇಲಿತ್ತು. ಮೂರಕ್ಕೆ ಆಕೆ ಹೂಂ ಎಂದು ತಲೆಯಾಡಿಸಿದರು. ನಾಲ್ಕನೆಯದಕ್ಕೆ ಬೇಡವೆಂದು ಕೈ ಅಲ್ಲಾಡಿಸಿದರು. ಮಿಸ್ತ್ರಿ ಅದನ್ನು ಬದಿಗಿಟ್ಟರು.

“ಕಾಕಾ, ಅದು ಹೊಸಾದ ಐತಲ್ರಿ?” ಎಂದೆ. ಉತ್ತರಿಸಿದ್ದು ಆಕೆ.

“ಇವ್ರಿಗೆ ಕಿವಿ ಕೇಳಂಗಿಲ್ಲ ತಮ್ಮಾ. ಚಲೋ ನೋಜಲ್ ಗುಬ್ಬಿ ಹಂಗ ಚಿಂವ್‌ಚಿಂವ್ ಅಂತೈತಿ. ಇದು ಸುಮ್ನ ಸೋರತೈತಿ.”

ಗಾಡಿಯ ಸಪ್ಪಳ ಬೇರೆಯಾಗಿದೆಯೆಂದು ನನ್ನ ಹೆಂಡತಿ ತಿಂಗಳಿಂದ ಹೇಳುತ್ತಿದ್ದಳು. ‘ನಿನಗೇನ್ ತಿಳಿತೈತಿ’ ಎಂದು ಬಾಯಿ ಮುಚ್ಚಿಸಿದ್ದೆ.

ಆಮೇಲೆ ಸಿಕ್ಕಿಸಿದ ಇನ್ನೊಂದಕ್ಕೆ ಮಿಸ್ತ್ರಿಯ ಹೆಂಡತಿ ಹೂಂ ಎಂದರು. ಅವರು ಒಪ್ಪಿದ ನಾಲ್ಕನ್ನೇ ಹಾಕಿಸಿಕೊಂಡು ಹಂಸಭಾವಿಯ ಮನೆಗೆ ಮರಳಿದವನು ಎಂಜಿನ್ ಬಂದ್ ಮಾಡಲಿಲ್ಲ. ಹೆಂಡತಿಯನ್ನು ಕರೆದೆ: “ಸ್ವಲ್ಪ ಬಾ ಇಲ್ಲೆ. ಸಪ್ಪಳ ಈಗ ಹ್ಯಾಂಗೈತಿ, ಹೇಳು.”